ಅಳತೆಯ ಮಳೆ: ಮನೆಯ ಹುಲ್ಲುಹಾಸಿಗೆ ತುಂತುರು ನೀರು

ಮನೆಯ ಮುಂದಿನ ಹುಲ್ಲುಹಾಸಿಗೆ ನೀರುಣಿಸಲು ಬಳಸುವ ಸ್ಪ್ರಿಂಕ್ಲರ್ ಅಥವಾ ತುಂತುರು ನೀರಾವರಿ ವ್ಯವಸ್ಥೆಯು ನೆಲದಡಿಯ ಪೈಪುಗಳಲ್ಲಿ ಒತ್ತಡದಿಂದ ಹರಿದು ಬಂದ ನೀರನ್ನು ಸಣ್ಣ ರಂಧ್ರದ ಮೂಲಕ ಹನಿಹನಿಯಾಗಿ ಒಡೆದು, ಗೊತ್ತುಮಾಡಿದ ಒಂದು ವರ್ತುಲದೊಳಗೆ ಮಳೆಯಂತೆ ಸುರಿಸುವ ಏರ್ಪಾಡು. ರಬ್ಬರ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಹಿಡಿದು ನೀರು ಹಾರಿಸುವ ಮಾಲಿಯೂ ಮಾಡುವುದು ಇದೇ ಕೆಲಸವನ್ನು. ಆದರೆ ಅವನು ಒಟ್ಟು ಎಷ್ಟು ನೀರು ಕೊಟ್ಟ, ಯಾವ ಮೂಲೆಗೆ ಹೆಚ್ಚು ಕೊಟ್ಟ, ಯಾವುದನ್ನು ಮರೆತ ಎಂಬುದು ಹುಲ್ಲು ಹಳದಿಗೆ ತಿರುಗುವವರೆಗೂ ತಿಳಿಯುವುದಿಲ್ಲ. ತುಂತುರು ವ್ಯವಸ್ಥೆಗೆ ಹಣ ಹಾಕುವುದಕ್ಕೆ ಸಮರ್ಥನೆಯೊಂದಿದ್ದರೆ ಅದು ನೀರಿನ ಲೆಕ್ಕ ಕೈಗೆ ಸಿಗುತ್ತದೆ ಎಂಬುದೇ. ಆ ಲೆಕ್ಕವನ್ನು ಹಾಕದೆ, ಅಂಗಡಿಯಲ್ಲಿ ಚಿಮ್ಮುವುದನ್ನು ನೋಡಿ ಮೆಚ್ಚಿ ಕೊಂಡವರ ಮನೆಯಲ್ಲಿ ಅದು ದುಬಾರಿ ಹೆಬ್ಬೆರಳಾಗಿ ಉಳಿದುಬಿಡುತ್ತದೆ.

ಹುಲ್ಲುಹಾಸು ಕನ್ನಡ ನಾಡಿನ ಹಳೆಯ ಮನೆಗಳಿಗೆ ಪರಿಚಿತವಾದುದಲ್ಲ. ಮುಂದೆ ಸೆಗಣಿ ಸಾರಿಸಿ ರಂಗೋಲಿ ಹಾಕುವ ಅಂಗಳ, ಹಿಂದೆ ಬಚ್ಚಲ ನೀರು ಕುಡಿದು ಬೆಳೆಯುವ ಬಾಳೆ, ಕೆಸುವಿನ ಹಿತ್ತಲು ಇದ್ದ ಕಡೆ, ಹಸುವಿಗೂ ಹಾಕದ, ದೇವರಿಗೂ ಏರಿಸದ ಹುಲ್ಲನ್ನು ನೀರೆರೆದು ಸಾಕುವ ಪ್ರಮೇಯವೇ ಬಂದಿರಲಿಲ್ಲ. ಗಣಪತಿಗೆ ಬೇಕಾದ ಗರಿಕೆ ಯಾರ ಹಂಗೂ ಇಲ್ಲದೆ ಬೇಲಿಯ ಬುಡದಲ್ಲಿ ಬೆಳೆದುಕೊಳ್ಳುತ್ತಿತ್ತು. ವರ್ಷವಿಡೀ ಸೋನೆ ಬೀಳುವ ಇಂಗ್ಲೆಂಡಿನಲ್ಲಿ, ಎಡ್ವಿನ್ ಬಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ ಮೇಲೆ, ಹುಲ್ಲುಹಾಸು ಸಾಮಾನ್ಯ ಗೃಹಸ್ಥರ ಅಂಗಳಕ್ಕೂ ಇಳಿಯಿತು. ಅಲ್ಲಿನ ಮಾಲೀಕನ ಚಿಂತೆ ಬೆಳೆದ ಹುಲ್ಲನ್ನು ಕತ್ತರಿಸುವುದಾಗಿತ್ತು. ಅದೇ ಹುಲ್ಲು ಒಣ ಸೀಮೆಗಳಿಗೆ ಬಂದಾಗ ಚಿಂತೆ ನೀರಿನದಾಯಿತು.

ಇಂದು ಹೊಲ, ತೋಟಗಳಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಸುತ್ತುವ ಬಡಿತದ ಸ್ಪ್ರಿಂಕ್ಲರನ್ನು 1933ರಲ್ಲಿ ಕಂಡುಹಿಡಿದವನು ಕ್ಯಾಲಿಫೋರ್ನಿಯಾದ ಗ್ಲೆಂಡೋರಾ ಎಂಬ ಊರಿನ ಆರ್ಟನ್ ಎಂಗಲ್‌ಹಾರ್ಟ್ ಎಂಬ ಕಿತ್ತಳೆ ಜಾತಿಯ ಹಣ್ಣುಗಳ ಬೆಳೆಗಾರ. ನಳಿಕೆಯಿಂದ ಹೊರಟ ಧಾರೆಯು ಸ್ಪ್ರಿಂಗು ಕಟ್ಟಿದ ತೋಳೊಂದರ ತುದಿಯ ಚಮಚಕ್ಕೆ ಬಡಿದು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಸ್ಪ್ರಿಂಗು ಆ ತೋಳನ್ನು ಹಿಂದಕ್ಕೆ ಎಳೆದಾಗ ಅದು ನಳಿಕೆಯ ಮೈಗೆ ಟಕ್ಕೆಂದು ಹೊಡೆದು ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ, ಮತ್ತೆ ಧಾರೆ ಚಮಚಕ್ಕೆ ಬಡಿಯುತ್ತದೆ. ನೀರಿನ ವೇಗವನ್ನು ಬಿಟ್ಟರೆ ಬೇರೆ ಯಾವ ಶಕ್ತಿಯೂ ಬೇಡದ ಈ ಯಂತ್ರವು ಸರಳತೆಯಲ್ಲಿ ಬಾವಿಯಿಂದ ನೀರೆತ್ತುವ ಏತಕ್ಕೆ ಸಮನಾದುದು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ, ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿಯ ಹೊತ್ತಿಗೆ ರೊಬಸ್ಟಾ ಗಿಡಗಳಿಗೆ ಒಂದರಿಂದ ಒಂದೂವರೆ ಇಂಚು ಮಳೆಯಷ್ಟು ನೀರನ್ನು ಈ ಸ್ಪ್ರಿಂಕ್ಲರುಗಳಿಂದಲೇ ಕೊಡುತ್ತಾರೆ. ಅಲ್ಲಿ ನೀರಿನ ಮಾತು ಇಂಚುಗಳಲ್ಲಿ ನಡೆಯುತ್ತದೆ ಎಂಬುದು ಗಮನಿಸತಕ್ಕದ್ದು. ಪಟ್ಟಣದ ಹುಲ್ಲುಹಾಸಿನ ಮಾಲೀಕರು ಕಾಫಿ ಬೆಳೆಗಾರರಿಂದ ಕಲಿಯಬೇಕಾದದ್ದು ಇದೊಂದನ್ನೇ.

ಅಳತೆಯ ಮೂಲಸೂತ್ರ ಬಹಳ ಸುಲಭವಾದುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರಕ್ಕೆ ನಿಂತ ನೀರು ಒಂದು ಲೀಟರಿಗೆ ಸಮ. ಬೆಂಗಳೂರು, ಮೈಸೂರುಗಳಂತಹ ಎತ್ತರದ ಬಯಲಿನಲ್ಲಿ, ಬೇಸಿಗೆಯ ದಿನವೊಂದರಲ್ಲಿ ನೆಲದಿಂದ ಆವಿಯಾಗಿ ಹೋಗುವ ನೀರು ಮತ್ತು ಹುಲ್ಲಿನ ಎಲೆಗಳು ಹೊರಬಿಡುವ ನೀರು, ಎರಡೂ ಸೇರಿ, ಸುಮಾರು ನಾಲ್ಕರಿಂದ ಐದು ಮಿಲಿಮೀಟರಿನಷ್ಟಾಗುತ್ತದೆ. ಈ ಒಟ್ಟು ನಷ್ಟವನ್ನು ಶಾಸ್ತ್ರದಲ್ಲಿ ಬಾಷ್ಪೀಕರಣ-ಬಾಷ್ಪವಿಸರ್ಜನೆ ಎನ್ನುತ್ತಾರೆ, ಮತ್ತು ನೀರು ಕೊಡುವುದೆಂದರೆ ಈ ನಷ್ಟವನ್ನು ತುಂಬಿಕೊಡುವುದು. ಒಂಬತ್ತು ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲದ, ಅಂದರೆ ಹೆಚ್ಚುಕಡಿಮೆ ಮೂವತ್ತು ಅಡಿಗೆ ಹದಿನೈದು ಅಡಿಯ ಹುಲ್ಲುಹಾಸನ್ನು ಉದಾಹರಣೆಗೆ ತೆಗೆದುಕೊಂಡರೆ, ನಲವತ್ತು ಚದರ ಮೀಟರಿನ ಈ ತುಣುಕು ಐದು ಮಿಲಿಮೀಟರಿನ ಲೆಕ್ಕದಲ್ಲಿ ದಿನಕ್ಕೆ 200 ಲೀಟರು ಕುಡಿಯುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರು ಎಂಬುದು ಭಾರತದ ನಗರ ನೀರು ಸರಬರಾಜಿನ ಯೋಜನೆಗಳಲ್ಲಿ ಬಳಕೆಯಲ್ಲಿರುವ ಮಾನದಂಡ. ಎಂದರೆ ಹುಲ್ಲುಹಾಸು ಮನೆಗೆ ಬಂದ ಒಂದೂವರೆ ಮಂದಿ ನೆಂಟರಿದ್ದಂತೆ, ಅದೂ ಮಳೆಗಾಲದವರೆಗೆ ಹೊರಡದ ನೆಂಟರು.

ಆದ್ದರಿಂದ ಯಾವ ಸ್ಪ್ರಿಂಕ್ಲರ್ ಎಂಬ ಪ್ರಶ್ನೆಗೆ ಮೊದಲು ಯಾವ ನೀರು ಎಂಬ ಪ್ರಶ್ನೆ ತೀರ್ಮಾನವಾಗಬೇಕು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುವ ಕಾವೇರಿ ನೀರನ್ನು ಹುಲ್ಲಿಗೆ ಚಿಮುಕಿಸುವುದು ಲೆಕ್ಕಕ್ಕೂ ಮನಸ್ಸಿಗೂ ಒಗ್ಗದ ಕೆಲಸ. 2024ರ ಮಾರ್ಚಿಯ ಅಭಾವದಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಮಳೆ ನೀರಿನ ಸಂಗ್ರಹ ಸಹಜವಾಗಿ ನೆನಪಿಗೆ ಬರುವ ದಾರಿಯಾದರೂ ಅದರ ಲೆಕ್ಕವನ್ನು ಸ್ವಲ್ಪ ನಿಷ್ಠುರವಾಗಿ ನೋಡಬೇಕು: ನೂರು ಚದರ ಮೀಟರಿನ ತಾರಸಿಯ ಮೇಲೆ ವರ್ಷದಲ್ಲಿ ಎಪ್ಪತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆಂಬುದು ನಿಜ, ಆದರೆ ಹುಲ್ಲು ನೀರು ಕೇಳುವುದು ಮಳೆ ಕಡಿಮೆಯಿರುವ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ, ಮತ್ತು ಆರು ಸಾವಿರ ಲೀಟರಿನ ಸಂಪು ದಿನಕ್ಕೆ 200 ಲೀಟರಿನಂತೆ ಮೂವತ್ತೇ ದಿನ ಬರುತ್ತದೆ. ಬಚ್ಚಲ ನೀರನ್ನು, ಬಟ್ಟೆ ಒಗೆದ ನೀರನ್ನು ತುಂತುರಿನಲ್ಲಿ ಹಾರಿಸುವುದಂತೂ ಸಲ್ಲದು, ಏಕೆಂದರೆ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳೊಡನೆ ಅದರ ಕೊಳೆಯೂ ರೋಗಾಣುಗಳೂ ಉಸಿರಿಗೆ ಸೇರುತ್ತವೆ. ಅದನ್ನು ನೆಲದ ಮೇಲೆಯೇ ಹರಿಸಿ ಬಾಳೆಯ ಬುಡಕ್ಕೆ ಬಿಡುತ್ತಿದ್ದ ಹಿರಿಯರ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ಉಳಿಯುವುದು ಕೊಳವೆಬಾವಿ, ಇಲ್ಲವೆ ಶುದ್ಧೀಕರಿಸಿದ ತ್ಯಾಜ್ಯ ನೀರು, ಇಲ್ಲವೆ ಹುಲ್ಲುಹಾಸನ್ನೇ ಚಿಕ್ಕದು ಮಾಡುವುದು. ಮೂರನೆಯದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಹುಲ್ಲಿನ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಗರಿಕೆಯ ಬೇರು ಆಳಕ್ಕಿಳಿಯುವುದರಿಂದ ಅದು ನೀರಿಲ್ಲದಾಗ ಸುಮ್ಮನೆ ಒಣಗಿ ಮಲಗಿದ್ದು, ಮೊದಲ ಮಳೆಗೆ ಚಿಗುರಿ ಏಳುತ್ತದೆ.

ನೀರು ಗೊತ್ತಾದ ಮೇಲೆ ತಿಳಿಯಬೇಕಾದವು ಎರಡು: ಒತ್ತಡ ಮತ್ತು ಹರಿವು. ಸ್ಪ್ರಿಂಕ್ಲರುಗಳ ಕೈಪಿಡಿಗಳನ್ನು ಬರೆದವರು ಬೀದಿಯ ಕೊಳಾಯಿಯಲ್ಲಿಯೇ ಹಗಲಿರುಳು ಒತ್ತಡವಿರುವ ದೇಶಗಳವರು. ಇಲ್ಲಿಯಾದರೋ ಕೊಳಾಯಿಯ ನೀರು ಸಂಪಿಗೆ ಬಿದ್ದು, ಮೋಟರಿನಿಂದ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ತೂಕದಿಂದಲೇ ಇಳಿಯುತ್ತದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮ್ ಒತ್ತಡ ಕೊಡುತ್ತದೆ. ಇದನ್ನೇ ಪ್ಲಂಬರುಗಳು ಹೆಡ್ ಎನ್ನುತ್ತಾರೆ. ಒಂದಂತಸ್ತಿನ ಮನೆಯ ಮೇಲಿನ ಟ್ಯಾಂಕು ಏಳು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.7 ಕಿಲೋ, ಆದರೆ ಹುಲ್ಲುಹಾಸಿನ ಸಾಮಾನ್ಯ ಸ್ಪ್ರಿಂಕ್ಲರಿಗೆ ಬೇಕಾದದ್ದು ಎರಡು ಕಿಲೋದಷ್ಟು. ಒತ್ತಡ ಸಾಲದಾದಾಗ ನೀರು ದಪ್ಪ ಹನಿಗಳಾಗಿ ದೂರದಲ್ಲೊಂದು ಬಳೆಯಾಕಾರದಲ್ಲಿ ಬಿದ್ದು ನಡುವೆ ಒಣಗಿದ ವೃತ್ತವನ್ನು ಉಳಿಸುತ್ತದೆ. ಒತ್ತಡ ಮಿತಿಮೀರಿದಾಗ ಅದು ಮಂಜಾಗಿ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಆದುದರಿಂದ ಬಹುಪಾಲು ಮನೆಗಳಲ್ಲಿ ಸಂಪಿನಿಂದ ನೇರವಾಗಿ ಎಳೆಯುವ ಪ್ರತ್ಯೇಕ ಮೋಟರು ಅನಿವಾರ್ಯ. ಬೀದಿಯ ಕೊಳಾಯಿಗೇ ಮೋಟರು ಹಚ್ಚುವುದು ನಿಷಿದ್ಧವೆಂಬುದನ್ನು, ನೆರೆಹೊರೆಯವರ ನೀರನ್ನು ಕದಿಯುವ ಕೆಲಸವೆಂಬುದನ್ನು, ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದು ವಿಷಾದಕರ. ಹರಿವನ್ನು ಅಳೆಯಲು ಒಂದು ಬಕೆಟ್ಟು ಮತ್ತು ಗಡಿಯಾರ ಸಾಕು: 20 ಲೀಟರಿನ ಬಕೆಟ್ಟು 40 ಸೆಕೆಂಡಿನಲ್ಲಿ ತುಂಬಿದರೆ ಹರಿವು ನಿಮಿಷಕ್ಕೆ 30 ಲೀಟರು. ಮೋಟರು ಕೊಳ್ಳುವಾಗ ಅಶ್ವಶಕ್ತಿಯನ್ನು ಕೇಳಿ ಸುಮ್ಮನಾಗದೆ, ಅದರ ಮೈಮೇಲಿನ ಫಲಕದಲ್ಲಿ ಎಷ್ಟು ಮೀಟರ್ ಹೆಡ್ಡಿಗೆ ಎಷ್ಟು ಲೀಟರ್ ಎಂದು ಬರೆದಿರುವುದನ್ನು ಓದಬೇಕು. ಟ್ಯಾಂಕು ತುಂಬಲು ಚೆನ್ನಾಗಿರುವ ಮೋಟರು ಸ್ಪ್ರಿಂಕ್ಲರಿನ ಹೆಡ್ಡಿನಲ್ಲಿ ಏದುಸಿರು ಬಿಡುವುದುಂಟು.

ಮನೆಯಂಗಳಕ್ಕೆ ಹೊಂದುವ ಸ್ಪ್ರಿಂಕ್ಲರುಗಳಲ್ಲಿ ಮುಖ್ಯವಾದುದು ಪಾಪ್-ಅಪ್, ಅಂದರೆ ನೀರಿನ ಒತ್ತಡ ಬಂದಾಗ ನೆಲದೊಳಗಿನಿಂದ ನಾಲ್ಕು ಇಂಚಿನಷ್ಟು ತಲೆಯೆತ್ತಿ, ನೀರು ನಿಂತೊಡನೆ ಸ್ಪ್ರಿಂಗಿನ ಸೆಳೆತಕ್ಕೆ ಮತ್ತೆ ಒಳಸೇರುವ ಬಗೆ. ಮಕ್ಕಳು ಎಡವುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರಕ್ಕೂ ಅಡ್ಡಿಯಿಲ್ಲ. ಅದರ ತುದಿಗೆ ಕೂರಿಸುವ ನಾಝಲ್ ನೀರಿನ ಆಕಾರವನ್ನು ನಿರ್ಧರಿಸುತ್ತದೆ. ಬೀಸಣಿಗೆಯಂತೆ ಹರಡುವ ಸ್ಪ್ರೇ ನಾಝಲುಗಳು ನಾಲ್ಕೂವರೆ ಮೀಟರಿನವರೆಗೆ ಮುಟ್ಟುತ್ತವೆ, ಗಂಟೆಗೆ ಸುಮಾರು 40 ಮಿಲಿಮೀಟರ್ ಸುರಿಯುತ್ತವೆ. ನಿಧಾನವಾಗಿ ಸುತ್ತುವ ಬೆರಳುಗಳಂತಹ ಹಲವು ಎಳೆಧಾರೆಗಳ ನಾಝಲುಗಳು ಗಂಟೆಗೆ ಹತ್ತು, ಹನ್ನೆರಡು ಮಿಲಿಮೀಟರಿನಷ್ಟೇ ಕೊಡುತ್ತವೆ. ಬೆಲೆ ಹೆಚ್ಚಾದರೂ ಎರಡನೆಯದೇ ಈ ನಾಡಿನ ಕೆಂಪು ಮಣ್ಣಿಗೆ ಮೇಲು. ಸ್ಪ್ರೇ ನಾಝಲು ಕೊಟ್ಟಷ್ಟು ವೇಗದಲ್ಲಿ ಈ ಮಣ್ಣು ನೀರನ್ನು ಹೀರುವುದಿಲ್ಲ, ಹನಿಗಳ ಪೆಟ್ಟಿಗೆ ಮೇಲ್ಪದರ ಹೆಪ್ಪುಗಟ್ಟುತ್ತದೆ, ಉಳಿದ ನೀರು ಗೇಟಿನಡಿಯಿಂದ ಬೀದಿಗೆ ಹರಿಯುತ್ತದೆ. ಐದು ಅಡಿಗಿಂತ ಕಿರಿದಾದ ಪಟ್ಟಿಗಳಿಗೆ, ಗುಲಾಬಿಯ ಪಾತಿಗಳಿಗೆ, ಕುಂಡಗಳಿಗೆ ಯಾವ ತುಂತುರೂ ಬೇಡ. ಅಲ್ಲಿ ಹನಿ ನೀರಾವರಿಯೇ ಸರಿ.

ಮೇಲಿನ ಉದಾಹರಣೆಯ ಹುಲ್ಲುಹಾಸಿಗೆ ನಾಲ್ಕು ಮೂಲೆಗಳಲ್ಲಿ ಕಾಲು ವೃತ್ತದ ನಾಲ್ಕು, ಉದ್ದದ ಎರಡು ಬದಿಗಳ ನಡುವೆ ಅರ್ಧ ವೃತ್ತದ ಎರಡು, ಒಟ್ಟು ಆರು ಸ್ಪ್ರಿಂಕ್ಲರುಗಳು ಬೇಕಾಗುತ್ತವೆ. ಒಂದರ ನೀರು ಇನ್ನೊಂದರ ಬುಡವನ್ನು ಮುಟ್ಟಬೇಕೆಂಬುದು ನಿಯಮ, ಏಕೆಂದರೆ ಯಾವ ಸ್ಪ್ರಿಂಕ್ಲರೂ ತನ್ನ ವರ್ತುಲದಲ್ಲಿ ಸಮನಾಗಿ ನೀರು ಹರಡುವುದಿಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಉಳಿತಾಯವೆಂದು ಆರರ ಬದಲು ನಾಲ್ಕನ್ನೇ ಹಾಕಿಸಿದವರು ಒಣಗಿದ ತೇಪೆಗಳನ್ನು ಹಸಿರಾಗಿಸಲು ಉಳಿದ ಕಡೆ ಎರಡರಷ್ಟು ನೀರು ಸುರಿಯುತ್ತ, ಉಳಿಸಿದ ಹಣವನ್ನು ನೀರಿನಲ್ಲಿ ಕಳೆಯುತ್ತಾರೆ. ಬೆಲೆಗಾಗಿ ಸ್ಪ್ರೇ ನಾಝಲುಗಳನ್ನೇ ಆರಿಸಿದರೆ, ಒಂದೇ ತಯಾರಿಕೆಯವುಗಳಲ್ಲಿ ಕಾಲು ವೃತ್ತದ್ದು ನಿಮಿಷಕ್ಕೆ ಮೂರೂವರೆ ಲೀಟರ್, ಅರ್ಧ ವೃತ್ತದ್ದು ಏಳು ಲೀಟರ್ ಎಂದು ಹೊಂದಿಸಿರುತ್ತಾರೆ. ಆರೂ ಸೇರಿದರೆ 28 ಲೀಟರು. ಬಕೆಟ್ಟಿನ ಅಳತೆಯಲ್ಲಿ 30 ಲೀಟರು ಸಿಕ್ಕಿದ್ದರೆ ಒಮ್ಮೆಗೇ ಎಲ್ಲವನ್ನೂ ಓಡಿಸಬಹುದು. ಅದೂ ಎರಡು ಕಿಲೋ ಒತ್ತಡದಲ್ಲಿ ಅಷ್ಟು ಹರಿವು ಉಳಿಯುತ್ತದೆಂದು ಮೋಟರಿನ ಫಲಕ ಹೇಳಿದರೆ ಮಾತ್ರ. ಇಲ್ಲವಾದರೆ ಅಂಗಳವನ್ನು ಎರಡು ವಲಯಗಳಾಗಿ ಒಡೆದು ಪ್ರತಿಯೊಂದಕ್ಕೂ ಬೇರೆ ವಾಲ್ವು ಇಡಬೇಕು.

ಜೋಡಣೆಯ ಕೆಲಸ ಕಾಗದದ ಮೇಲೆ ಆರಂಭವಾಗಿ, ಗೂಟ ಮತ್ತು ಸುಣ್ಣದ ಪುಡಿಯ ಗೆರೆಗಳಲ್ಲಿ ನೆಲಕ್ಕಿಳಿಯಬೇಕು. ಒಂದಡಿ ಆಳದ ಕಾಲುವೆ ತೋಡಿದಾಗ ಹೊಸ ಬಡಾವಣೆಗಳ ಅನೇಕ ಮನೆಗಳಲ್ಲಿ ಹೊರಬೀಳುವುದು ಮಣ್ಣಲ್ಲ, ಮನೆ ಕಟ್ಟಿದಾಗ ಹೂತ ಇಟ್ಟಿಗೆ ಚೂರು, ಗಾರೆಯ ಹೆಂಟೆ, ಸಿಮೆಂಟಿನ ಚೀಲ. ಮೇಲಿನ ಮೂರು ಅಂಗುಲ ಮಣ್ಣಿನಲ್ಲಿ ಹುಲ್ಲು ಹೇಗೋ ಬದುಕಿರುತ್ತದೆ. ಅಂತಹ ನೆಲ ನೀರನ್ನು ಹಿಡಿದಿಡುವುದಿಲ್ಲವಾದ್ದರಿಂದ, ಅದನ್ನು ತೆಗೆಸಿ ಅರ್ಧ ಅಡಿಯಾದರೂ ಒಳ್ಳೆಯ ಮಣ್ಣು, ಗೊಬ್ಬರ ತುಂಬಿಸುವುದು ಯಾವ ಯಂತ್ರಕ್ಕಿಂತಲೂ ಹೆಚ್ಚು ನೀರುಳಿಸುತ್ತದೆ. ಪಿ.ವಿ.ಸಿ. ಪೈಪನ್ನು ಸೊಲ್ಯೂಷನ್ ಹಚ್ಚಿ ಕೂಡಿಸಿದ ಮೇಲೆ, ಪಾಪ್-ಅಪ್‌ಗಳನ್ನು ಗಟ್ಟಿ ಪೈಪಿಗೆ ನೇರವಾಗಿ ನೆಡದೆ ಬಾಗುವ ಸಣ್ಣ ಪೈಪಿನ ತುಂಡಿನ ಮೂಲಕ ಜೋಡಿಸಿದರೆ, ಅಂಚಿನ ಮೇಲೆ ಸ್ಕೂಟರಿನ ಚಕ್ರ ಹತ್ತಿದರೂ ಒಳಗಿನ ಟೀ ಆಕಾರದ ಕೂಡು ಮುರಿಯುವುದಿಲ್ಲ. ಮೋಟರಿನ ಬಳಿ ಫಿಲ್ಟರು, ಅದರಾಚೆ ನೀರು ಹಿಂದಿರುಗದಂತೆ ತಡೆಯುವ ಎನ್.ಆರ್.ವಿ., ಅನಂತರ ವಾಲ್ವುಗಳು ಎಂಬುದು ಕ್ರಮ. ನಾಝಲುಗಳನ್ನು ಕೂರಿಸುವುದಕ್ಕೆ ಮೊದಲು ತೆರೆದ ಪೈಪುಗಳಲ್ಲಿ ನೀರು ಹಾಯಿಸಿ ಗರಗಸದ ಪುಡಿ, ಮಣ್ಣುಗಳನ್ನು ಹೊರದೂಡಬೇಕು. ಕಾಲುವೆ ಮುಚ್ಚುವ ಮೊದಲು ಪೈಪಿಗೆ ಒತ್ತಡ ಕೊಟ್ಟು ಅರ್ಧ ದಿನ ಬಿಟ್ಟು ಕೂಡುಗಳನ್ನು ಮುಟ್ಟಿ ನೋಡಬೇಕು. ಇವೆರಡನ್ನೂ ಕೆಲಸಗಾರರು ಸಂಜೆಯ ಅವಸರದಲ್ಲಿ ಬಿಟ್ಟುಬಿಡುತ್ತಾರೆ, ಮತ್ತು ಮುಂದಿನ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಆ ಹೊತ್ತಿಗೆ ಮಾಲೀಕರೊಬ್ಬರು ಅಲ್ಲಿ ನಿಂತಿರುವುದು ಒಳ್ಳೆಯದು.

ಟೈಮರ್ ಎಂಬುದು ಗೊತ್ತಾದ ಹೊತ್ತಿಗೆ ಮೋಟರನ್ನೂ ವಾಲ್ವನ್ನೂ ತೆರೆದು ಮುಚ್ಚುವ ಪೆಟ್ಟಿಗೆ. ಅದು ಆಜ್ಞೆ ಕೊಡುವ ಸೊಲೆನಾಯ್ಡ್ ವಾಲ್ವು ಎಂದರೆ, 24 ವೋಲ್ಟಿನ ಸಣ್ಣ ವಿದ್ಯುತ್ ಸುರುಳಿಯು ಕಾಂತವಾಗಿ ಎಳೆದಾಗ ತೆರೆದುಕೊಳ್ಳುವ ರಬ್ಬರ್ ಪರದೆಯ ಬಾಗಿಲು. ಕರೆಂಟು ಹೋದಾಗ ಹೊತ್ತನ್ನು ಮರೆತುಬಿಡುವ ಟೈಮರು ಈ ನಾಡಿನಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ನೀರು ಬಿಟ್ಟೀತು; ಒಳಗೆ ಬ್ಯಾಟರಿಯ ಆಸರೆಯಿರುವುದನ್ನೇ ಕೊಳ್ಳಬೇಕು. ನೀರು ಬಿಡಲು ಬೆಳಗಿನ ಜಾವ ಸೂಕ್ತ, ಆಗ ಗಾಳಿಯೂ ಕಡಿಮೆ, ಆವಿಯಾಗುವುದೂ ಕಡಿಮೆ. ಸಂಜೆಯ ನೀರು ಎಲೆಯ ಮೇಲೆ ರಾತ್ರಿಯಿಡೀ ಉಳಿದು ಬೂಸು ರೋಗಗಳಿಗೆ ಹಾಸಿಗೆ ಹಾಸುತ್ತದೆ. ದಿನವೂ ಚೂರುಚೂರು ಕೊಟ್ಟರೆ ಬೇರು ಮೇಲೆಯೇ ಉಳಿಯುತ್ತದೆ. ಮೂರು ದಿನಕ್ಕೊಮ್ಮೆ 15 ಮಿಲಿಮೀಟರ್ ಕೊಡುವುದಾದರೆ ಉದಾಹರಣೆಯ ಅಂಗಳಕ್ಕೆ 600 ಲೀಟರು, ಸ್ಪ್ರೇ ನಾಝಲಿನಲ್ಲಿ 22 ನಿಮಿಷ. ಅದನ್ನು ಒಂದೇ ಓಟದಲ್ಲಿ ಬಿಡದೆ ಐದಾರು ನಿಮಿಷದ ನಾಲ್ಕು ಕಂತುಗಳಾಗಿ, ನಡುನಡುವೆ ಅರ್ಧ ಗಂಟೆ ಬಿಡುವು ಕೊಟ್ಟರೆ ಮಣ್ಣು ಕುಡಿಯುತ್ತದೆ. ನೀರು ಬೇಕೆ ಬೇಡವೆ ಎಂಬುದನ್ನು ಹುಲ್ಲೇ ಹೇಳುತ್ತದೆ: ನಡೆದುಹೋದ ಹೆಜ್ಜೆಯ ಗುರುತು ಹುಲ್ಲಿನಲ್ಲಿ ಹಾಗೆಯೇ ಉಳಿದರೆ, ಬಣ್ಣ ಬೂದುನೀಲಿಗೆ ತಿರುಗಿದರೆ, ಅದು ಬಾಯಾರಿದೆ.

ಜೋಡಣೆ ಸರಿಯಾಗಿದೆಯೇ ಎಂಬುದಕ್ಕೆ ಪರೀಕ್ಷೆಯೊಂದಿದೆ. ನೇರ ಗೋಡೆಯ, ಒಂದೇ ಅಳತೆಯ ಹನ್ನೆರಡು ಡಬ್ಬಿಗಳನ್ನು ಹುಲ್ಲಿನ ಮೇಲೆ ಸಾಲಾಗಿಟ್ಟು, ಹದಿನೈದು ನಿಮಿಷ ನೀರು ಬಿಟ್ಟು, ಪ್ರತಿಯೊಂದರಲ್ಲಿ ನಿಂತ ನೀರನ್ನು ಅಡಿಪಟ್ಟಿಯಿಂದ ಅಳೆಯಬೇಕು. ತೆಂಗಿನ ಚಿಪ್ಪು, ಬಟ್ಟಲುಗಳು ಬಾಯಿ ಅಗಲವಾಗಿ ಬುಡ ಕಿರಿದಾಗಿರುವುದರಿಂದ ಸುಳ್ಳು ಲೆಕ್ಕ ಕೊಡುತ್ತವೆ. ಅತಿ ಕಡಿಮೆ ನೀರಿರುವ ಮೂರು ಡಬ್ಬಿಗಳ ಸರಾಸರಿಯನ್ನು ಹನ್ನೆರಡರ ಸರಾಸರಿಯಿಂದ ಭಾಗಿಸಿದಾಗ ಬರುವುದು ಹಂಚಿಕೆಯ ಸಮತೆ. ಅದು ನೂರಕ್ಕೆ ಎಪ್ಪತ್ತಕ್ಕಿಂತ ಮೇಲಿದ್ದರೆ ಚೆನ್ನ; ಐವತ್ತರ ಹತ್ತಿರವಿದ್ದರೆ ಯಾವುದೋ ಸ್ಪ್ರಿಂಕ್ಲರಿನ ತಲೆ ವಾಲಿದೆ, ಇಲ್ಲವೆ ನಾಝಲು ಕಟ್ಟಿದೆ.

ನಾಝಲು ಕಟ್ಟುವುದೇ ಇಲ್ಲಿನ ನಿತ್ಯದ ಕಾಯಿಲೆ. ವಿದೇಶಿ ಕೈಪಿಡಿಗಳಲ್ಲಿ ಚಳಿಗಾಲಕ್ಕೆ ಮೊದಲು ಪೈಪಿನ ನೀರನ್ನು ಗಾಳಿಯೂದಿ ತೆಗೆಯುವ ವಿಧಿಯೇ ಅರ್ಧ ಪುಸ್ತಕವನ್ನು ನುಂಗಿರುತ್ತದೆ. ದಕ್ಕನ್ನಿನ ಬಯಲಿನಲ್ಲಿ ಪೈಪನ್ನು ಒಡೆಯುವ ಹಿಮವಿಲ್ಲ, ಇರುವುದು ಕೊಳವೆಬಾವಿಯ ಗಡಸು ನೀರು, ಬಿಸಿಲು ಮತ್ತು ಹೆಗ್ಗಣ. ಗಡಸು ನೀರಿನ ಸುಣ್ಣದಂಶವು ಸ್ಟೀಲಿನ ಕೊಳಾಯಿಯ ಮೇಲೆ ಬಿಳಿಯ ಕಲೆಯಾಗುವಂತೆಯೇ ನಾಝಲಿನ ಸೀಳಿನಲ್ಲಿಯೂ ಗಟ್ಟಿಯಾಗಿ ಧಾರೆಯನ್ನು ಓರೆಯಾಗಿಸುತ್ತದೆ. ಅದನ್ನು ಸೂಜಿ ಹಾಕಿ ಕೆರೆದರೆ ಸೀಳು ಅಗಲವಾಗಿ ಅಳತೆ ಕೆಟ್ಟುಹೋಗುತ್ತದೆ. ತಿರುಗಿಸಿ ಬಿಚ್ಚಿ, ಹಿತ್ತಾಳೆ ಪಾತ್ರೆ ತೊಳೆಯಲು ಬಳಸುವ ಹುಣಿಸೆ ನೀರಿನಲ್ಲಿ ಅಥವಾ ವಿನಿಗರಿನಲ್ಲಿ ರಾತ್ರಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಫಿಲ್ಟರಿನ ಜಾಲರಿಯನ್ನು ತಿಂಗಳಿಗೊಮ್ಮೆ, ಕೊಳವೆಬಾವಿಯಲ್ಲಿ ಮರಳು ಬರುವ ಮನೆಗಳಲ್ಲಿ ವಾರಕ್ಕೊಮ್ಮೆ ತೊಳೆಯಬೇಕು. ವಾಲ್ವಿನ ರಬ್ಬರ್ ಪರದೆಯಡಿ ಮರಳಿನ ಒಂದು ಕಣ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚದೆ, ಟೈಮರು ನಿಂತ ಮೇಲೂ ತಗ್ಗಿನ ಸ್ಪ್ರಿಂಕ್ಲರಿನ ಸುತ್ತ ಸದಾ ಕೆಸರು ಇರುತ್ತದೆ. ಪೈಪು ಒಡೆದಿದೆಯೆಂದು ಅಂಗಳ ಅಗೆಸುವುದಕ್ಕೆ ಮೊದಲು ಈ ಪರದೆಯನ್ನು ಬಿಚ್ಚಿ ತೊಳೆದು ನೋಡುವುದು ಜಾಣತನ. ಮೆತ್ತನೆಯ ಪೈಪುಗಳನ್ನು ಹೆಗ್ಗಣ ಕಡಿಯುತ್ತದೆ, ಬಿಸಿಲಿಗೆ ತೆರೆದಿಟ್ಟ ಪಿ.ವಿ.ಸಿ. ಕೆಲವು ವರ್ಷಗಳಲ್ಲಿ ಪೆಡಸಾಗಿ ಸೀಳುತ್ತದೆ, ಹುಲ್ಲು ಬೆಳೆದು ಪಾಪ್-ಅಪ್‌ನ ಕತ್ತನ್ನು ಮುಚ್ಚುತ್ತದೆ.

ಬಳಕೆಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇವಾವುವೂ ಅಲ್ಲ, ಮಾರ್ಚಿಯಲ್ಲಿ ಹೊಂದಿಸಿದ ಟೈಮರನ್ನು ಜುಲೈಯಲ್ಲಿಯೂ ಮುಟ್ಟದಿರುವುದು. ಜಡಿಮಳೆಯ ನಡುವೆ ನೆಲದಿಂದ ತಲೆಯೆತ್ತಿ ಕರ್ತವ್ಯನಿಷ್ಠೆಯಿಂದ ನೀರೆರೆಯುವ ಸ್ಪ್ರಿಂಕ್ಲರುಗಳನ್ನು ಕಚೇರಿಗಳ ಆವರಣದಲ್ಲಿಯೂ ಕಾಣಬಹುದು. ಮಳೆ ಬಿದ್ದೊಡನೆ ಟೈಮರನ್ನು ತಡೆಯುವ ಸಂವೇದಕಗಳು ಮಾರಾಟಕ್ಕಿವೆಯಾದರೂ, ಪರೀಕ್ಷೆಗೆ ಬಳಸಿದ ಡಬ್ಬಿಗಳಲ್ಲಿ ಒಂದನ್ನು ಮರದ ನೆರಳಿಲ್ಲದ, ಗೋಡೆಯಿಂದ ದೂರವಾದ ಕಡೆ ಗೂಟಕ್ಕೆ ಕಟ್ಟಿಟ್ಟರೂ ಕೆಲಸ ನಡೆಯುತ್ತದೆ. ಬೆಳಿಗ್ಗೆ ಹಾಲು ತರಲು ಹೋಗುವವರು ಅದರಲ್ಲಿ ಅಡಿಪಟ್ಟಿ ಇಳಿಸಿ ನೋಡಿ, ಹತ್ತು ಮಿಲಿಮೀಟರ್ ನೀರಿದ್ದರೆ ಎರಡು ದಿನದ ಮಟ್ಟಿಗೆ, ಮೂವತ್ತು ಇದ್ದರೆ ನಾಲ್ಕೈದು ದಿನಕ್ಕೆ ಟೈಮರಿನ ಗುಂಡಿಯನ್ನು ಆರಿಸಿ, ಡಬ್ಬಿಯ ನೀರನ್ನು ತುಳಸಿಯ ಬುಡಕ್ಕೆ ಚೆಲ್ಲಿ ಹೋಗಬಹುದು.